ಕೋರ್ಟ್ ತೀರ್ಪು, ಸರ್ಕಾರದ ನೀತಿಗಳಲ್ಲಿ ಮಾನವ ಹಕ್ಕುಗಳ ಮಾತು ಎಲ್ಲಿ ಬರುತ್ತದೆ?

‘ಮಾನವ ಹಕ್ಕು’ ಅಂತ ಹಣೆಪಟ್ಟಿ ಕಟ್ಟಿಕೊಂಡು ಬರುವ ಕೇಸುಗಳು ಕಡಿಮೆ. ಯಾರನ್ನೋ ಮನೆಯಿಂದ ಎಬ್ಬಿಸಿದರು, ಪಿಂಚಣಿ ನಿಲ್ಲಿಸಿದರು, ಇಂಥ ಮಾಮೂಲಿ ಜಗಳದ ಒಳಗೇ ಹಕ್ಕಿನ ಪ್ರಶ್ನೆ ಇರುತ್ತದೆ.

ಇಂಗ್ಲೆಂಡಿನ ಒಂದು ಉದಾಹರಣೆ ನೋಡಿ. ಅನುಮಾನದ ಮೇಲೆ ಹಿಡಿದವರ ಬೆರಳಚ್ಚು, ಡಿಎನ್‌ಎ ಮಾದರಿಗಳನ್ನು ಪೊಲೀಸರು ಕೇಸು ಬಿದ್ದುಹೋದ ಮೇಲೂ ಇಟ್ಟುಕೊಳ್ಳುತ್ತಿದ್ದರು, ಅದೂ ಕಾಲಮಿತಿಯೇ ಇಲ್ಲದೆ. ಇದು ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಎಂದು 2008ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಅಪರಾಧ ಪತ್ತೆ ಮಾಡುವುದು ತಪ್ಪು ಅಂತಲ್ಲ. ಉದ್ದೇಶ ಸರಿ, ಆದರೆ ಅದಕ್ಕೆ ಇಷ್ಟು ಜಾಸ್ತಿ ಬೇಕಾ? ತಪ್ಪಿತಸ್ಥರನ್ನೂ ಉಳಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾ? ನನ್ನ ಪ್ರಕಾರ ಹಕ್ಕಿನ ಬಹುತೇಕ ತೀರ್ಪುಗಳ ತಿರುಳು ಈ ಅಳತೆಯೇ. 2012ರಲ್ಲಿ ಬ್ರಿಟನ್ನಿನ ಸಂಸತ್ತು ಹೊಸ ಕಾನೂನು ತಂದು ಈ ಮಾದರಿಗಳನ್ನು ಇಟ್ಟುಕೊಳ್ಳುವುದಕ್ಕೆ ಮಿತಿ ಹಾಕಿತು.

ನೀತಿ ಮಾಡುವಾಗ ಈ ಲೆಕ್ಕ ಮೊದಲೇ ಆಗಬೇಕು, ಅಲ್ವಾ? ಬ್ರಿಟನ್ನಿನ 1998ರ ಮಾನವ ಹಕ್ಕುಗಳ ಕಾಯ್ದೆಯ ಪ್ರಕಾರ, ಮಸೂದೆ ಮಂಡಿಸುವ ಸಚಿವರು ಅದು ಹಕ್ಕುಗಳಿಗೆ ಹೊಂದುತ್ತದೆಯೇ ಎಂಬ ಬಗ್ಗೆ ಲಿಖಿತ ಹೇಳಿಕೆ ಕೊಡಬೇಕು. ಸುಮ್ನೆ ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಅಪಾಯವೂ ಇದೆ ಅನ್ನಿ.

ಚಿತ್ರಹಿಂಸೆಯ ವಿಷಯದಲ್ಲಿ ಮಾತ್ರ ಈ ಅಳತೆ, ತೂಕ ಯಾವುದೂ ನಡೆಯುವುದಿಲ್ಲ. ಯುದ್ಧವೇ ಬಂದರೂ ಅಂತರರಾಷ್ಟ್ರೀಯ ಕಾನೂನು ಅದಕ್ಕೆ ಒಪ್ಪುವುದಿಲ್ಲ.