ಅವಳಿಗೆ ಹೇಳದೆ ನಾನು ನಿಲ್ಲಿಸಿದ ಮಾತ್ರೆ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹೆಂಡತಿಯ ತಲೆಯಲ್ಲಿ ಗೆಡ್ಡೆ, ಮುಂದಿನ ತಿಂಗಳು ಆಪರೇಷನ್. ಪೂರ್ತಿ ಹೇಳಿದರೆ ಹೆದರಿಕೊಳ್ಳುತ್ತಾಳೆ, ಅದಕ್ಕೆ ಎಲ್ಲವನ್ನೂ ನಾನೊಬ್ಬನೇ ನೋಡಿಕೊಳ್ಳುತ್ತೇನೆ, ಧೈರ್ಯ ತಂದುಕೊಳ್ಳುವುದು ಹೇಗೆ, ಎಷ್ಟು ದಿನಕ್ಕೆ ಮೊದಲಿನ ಹಾಗೆ ಆಗುತ್ತಾಳೆ ಅಂತ ಕೇಳಿದ್ದೀರಿ. 2022ರಲ್ಲಿ ನಾನು ಇದೇ ಜಾಗದಲ್ಲಿ ನಿಂತಿದ್ದೆ. ನಾನೂ ಹೀಗೇ ಅಂದುಕೊಂಡಿದ್ದೆ. ಅದು ತಪ್ಪು, ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಬೆಳೆಯುವ ಮನೆ. ಹುಳು ಸಾಕುವ ಕೆಲಸ ಗೊತ್ತಿದ್ದವರಿಗೆ ಗೊತ್ತು, ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಡುವುದು, ಅದು ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಆ ಕೆಲಸದಲ್ಲಿ ನನ್ನ ಹೆಂಡತಿ ನನಗಿಂತ ಒಂದು ಕೈ ಮೇಲೆ. ಅಂಥವಳು ಆ ವರ್ಷ ಮಂಕಾಗುತ್ತಾ ಬಂದಳು. ಸೊಪ್ಪಿನ ಹೊರೆ ಮುಂದಿದ್ದರೂ ಸುಮ್ನೆ ಕೂತಿರುತ್ತಿದ್ದಳು. ಬೆಳಗ್ಗೆ ಎದ್ದರೆ ತಲೆನೋವು, ಕೆಲವು ದಿನ ವಾಂತಿ. ನಾನು ಬೈದೆ. ಸೋಮಾರಿತನ ಅಂದೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಸಿದೆವು, ಕನ್ನಡಕ ಮಾಡಿಸಿದೆವು. ನಮ್ಮಮ್ಮ ಕೈವಾರ ತಾತಯ್ಯನಿಗೆ ಹರಕೆ ಕಟ್ಟಿಕೊಂಡರು. ಆರು ತಿಂಗಳು ಹೀಗೇ ಹೋಯಿತು. ಒಂದು ದಿನ ಅವಳ ಬಲಗೈಯಿಂದ ತಟ್ಟೆ ಜಾರಿತು, ಮಾರನೆಯ ದಿನ ಲೋಟ ಜಾರಿತು. ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಎಡಗಡೆ ಹಣೆಯ ಹಿಂದೆ 4.5 ಸೆಂಟಿಮೀಟರ್ ಗೆಡ್ಡೆ.

ಮೆನಿಂಜಿಯೋಮಾ ಅಂದರು. ಮೆದುಳಿನ ಮೇಲೆ ಪೊರೆ ಇರುತ್ತಲ್ಲ, ಆ ಪೊರೆಯಿಂದ ಹುಟ್ಟುವ ಗೆಡ್ಡೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಮೆದುಳನ್ನು ಒತ್ತುತ್ತವೆ. ಹಣೆಯ ಹಿಂದಿನ ಭಾಗ ಒತ್ತಿದರೆ ಮನುಷ್ಯನ ಉತ್ಸಾಹವೇ ಹೋಗುತ್ತದೆ ಅಂತ ಡಾಕ್ಟರ್ ಹೇಳಿದಾಗ, ನಾನು ಅವಳನ್ನ ಬೈದಿದ್ದ ಒಂದೊಂದು ಮಾತೂ ನೆನಪಾಯಿತು. ಅಲ್ಲಿಂದಲೇ ನನಗೆ ಈ ಹುಚ್ಚು ಹಿಡಿದದ್ದು. ಇನ್ನು ಮೇಲೆ ಇವಳಿಗೆ ಏನೂ ತಟ್ಟಬಾರದು, ಎಲ್ಲ ನಾನೇ ಹೊರಬೇಕು. ಅವಳಿಗೆ "ಸಣ್ಣ ನೀರಿನ ಗುಳ್ಳೆ, ತೆಗೆದುಬಿಡ್ತಾರೆ" ಅಂದೆ. ಡಾಕ್ಟರ್ ಅವಳನ್ನ ಪ್ರಶ್ನೆ ಕೇಳಿದರೆ ಉತ್ತರ ನಾನು ಕೊಟ್ಟೆ.

ಆಪರೇಷನ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಯಿತು. ಬೆಳಗ್ಗೆ ಒಳಗೆ ಕರೆದುಕೊಂಡು ಹೋದವರು ಹೊರಗೆ ಬಂದು ಮಾತಾಡಿದ್ದು ಏಳು ಗಂಟೆ ಹೊತ್ತು ಕಳೆದ ಮೇಲೆ. ಎರಡು ದಿನ ಐಸಿಯು. ಮೊದಲ ಸಲ ನೋಡಿದಾಗ ಎಡಗಣ್ಣು ಊದಿ ಮುಚ್ಚಿಹೋಗಿತ್ತು, ನನಗೆ ಕಾಲು ನಡುಗಿತು. ಈ ಊತ ಸಾಮಾನ್ಯ, ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆ. ಇದನ್ನ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು, ಅದಕ್ಕೇ ನಿಮಗೆ ಹೇಳ್ತಿದೀನಿ. ಹಾಗೇ ಇನ್ನೊಂದು: ಮನೆಗೆ ಬಂದ ಮೇಲೆ ತಲೆಯೊಳಗೆ ಟಿಕ್ ಟಿಕ್ ಅಂತ ಸದ್ದು ಬರುತ್ತೆ ಅಂದಳು. ಕತ್ತರಿಸಿ ಮತ್ತೆ ಕೂರಿಸಿದ ಮೂಳೆ ಕೂಡಿಕೊಳ್ಳುವಾಗ ಹಾಗೆ ಕೇಳಿಸುವುದು ಉಂಟು. ಬಾಯಿ ಅಗಲಿಸಿದರೆ ದವಡೆ ನೋವು ಕೂಡ ಬರುತ್ತದೆ, ಅಲ್ಲಿನ ಸ್ನಾಯು ಬಿಡಿಸಿರುತ್ತಾರೆ. ಒಂದು ವಾರಕ್ಕೆ ಮನೆಗೆ ಕಳಿಸಿದರು. ಬಯಾಪ್ಸಿ ವರದಿ ಆಮೇಲೆ ಬಂತು, ಗ್ರೇಡ್ 1, ಅಂದರೆ ಕ್ಯಾನ್ಸರ್ ಅಲ್ಲ. ನಮಗೆ ಹಬ್ಬ.

ಈಗ ನನ್ನ ತಪ್ಪು ಹೇಳ್ತೀನಿ. ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಮನೆಗೆ ಕಳಿಸುವಾಗ ಮುಖ್ಯವಾಗಿ ಎರಡು ಔಷಧಿ ಕೊಟ್ಟಿದ್ದರು. ಒಂದು ಡೆಕ್ಸಾಮೆಥಾಸೋನ್, ಮೆದುಳಿನ ಊತ ಇಳಿಸುವ ಸ್ಟೀರಾಯ್ಡ್. ಅದನ್ನ ಹೇಗೆ ಕಡಿಮೆ ಮಾಡಬೇಕು ಅಂತ ತಾರೀಕು ಹಾಕಿ ಬರೆದುಕೊಟ್ಟಿದ್ದರು. ಥಟ್ಟನೆ ನಿಲ್ಲಿಸಿದರೆ ಅಪಾಯ ಅಂತ ಮೂರು ಸಲ ಹೇಳಿದ್ದರು. ಅದನ್ನ ನಾನು ಅಕ್ಷರಶಃ ಪಾಲಿಸಿದೆ. ಆ ಮಾತ್ರೆಯಿಂದ ಅವಳಿಗೆ ನಿದ್ದೆ ಹೋಯಿತು, ಮುಖ ಊದಿತು, ಎಂಥಾ ಹಸಿವು ಅಂದರೆ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಮುದ್ದೆ ಬಸ್ಸಾರು ಕೇಳುತ್ತಿದ್ದಳು. ಮಾಡಿಕೊಟ್ಟೆ.

ಇನ್ನೊಂದು ಲೆವೆಟಿರಾಸಿಟಮ್, ಫಿಟ್ಸ್ ಬರದ ಹಾಗೆ ಕೊಡುವ ಮಾತ್ರೆ. 500 ಮಿಲಿಗ್ರಾಂ, ಬೆಳಗ್ಗೆ ಒಂದು, ರಾತ್ರಿ ಒಂದು. ಅದರ ಮುಂದೆ 'ಮುಂದುವರಿಸಿ' ಅಂತಷ್ಟೇ ಇತ್ತು. ಅವಳಿಗೆ ಆಪರೇಷನ್‌ಗೆ ಮೊದಲು ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಹಾಗಾಗಿ ಈ ಮಾತ್ರೆ ಸುಮ್ನೆ ಜೊತೆಗಿರಲಿ ಅಂತ ಕೊಟ್ಟಿದ್ದು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಒಂದು ತಿಂಗಳಾಯಿತು. ಸ್ಟೀರಾಯ್ಡ್ ಮುಗಿದಿತ್ತು. ಆದರೆ ಅವಳು ಬೇರೆಯವಳೇ ಆಗಿದ್ದಳು. ಮಧ್ಯಾಹ್ನವೆಲ್ಲ ತೂಗಡಿಕೆ. ಎಚ್ಚರವಾಗಿದ್ದರೆ ಸಿಟ್ಟು. ನಮ್ಮಮ್ಮನಿಗೆ ಒಂದು ಮಾತು ಎದುರಾಡಿದವಳಲ್ಲ, ಅವರ ಮುಂದೆಯೇ ಅನ್ನದ ತಟ್ಟೆ ಎಸೆದಳು. ಎಸೆದು ತಾನೇ ಅತ್ತಳು. ನೋಡೋಕೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಬದನೆಕಾಯಿ ನಂಜು ಕೊಡಬೇಡಿ, ಈ ಇಂಗ್ಲಿಷ್ ಮಾತ್ರೆ ಎಲ್ಲಾ ಉಷ್ಣ, ಗೆಡ್ಡೆ ತೆಗೆದ ಮೇಲೆ ಯಾಕೆ ತಲೆ ಮಾತ್ರೆ ಅಂತ. ಬೆಳೆ ಬೇರೆ ನಾಲ್ಕನೇ ಜ್ವರ ಎದ್ದಿತ್ತು. ನಾನು ದಿನಕ್ಕೆ ಮೂರು ಗಂಟೆ ಮಲಗುತ್ತಿದ್ದೆ. ಅವಳ ತಂಗಿ "ಭಾವ, ನಾನು ಬಂದು ಹದಿನೈದು ದಿನ ಇರ್ತೀನಿ" ಅಂದಿದ್ದಳು, ಬೇಡ ಅಂದಿದ್ದೆ. ಎಲ್ಲ ನಾನೇ ಅಲ್ವಾ.

ಚೀಟಿಯಲ್ಲಿದ್ದ ಫೋನ್ ನಂಬರಿಗೆ ಮಾಡಲಿಲ್ಲ. ಡಾಕ್ಟರ್‌ಗೆ ಇಂಥ ಸಣ್ಣ ವಿಷಯಕ್ಕೆ ಯಾಕೆ ತೊಂದರೆ ಅಂದುಕೊಂಡೆ. ನಾನೇ ಯೋಚನೆ ಮಾಡಿ ಬೆಳಗಿನ ಮಾತ್ರೆ ನಿಲ್ಲಿಸಿದೆ. ಎರಡು ದಿನ ಬಿಟ್ಟು ರಾತ್ರಿಯದನ್ನೂ ನಿಲ್ಲಿಸಿದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಗಾಬರಿಯಾಗುತ್ತಾಳೆ ಅಂತ ಅದರ ಜಾಗದಲ್ಲಿ ವಿಟಮಿನ್ ಮಾತ್ರೆ ಕೊಟ್ಟು ನೀರು ಕೊಟ್ಟೆ. ಅವಳು ನನ್ನ ನಂಬಿ ನುಂಗಿದಳು.

ಮೂರು ದಿನ ಚೆನ್ನಾಗೇ ಇದ್ದಳು. ಅದೇ ನನ್ನನ್ನ ಕೆಡಿಸಿದ್ದು. ನಕ್ಕಳು, ತಾನೇ ಹುಳುಮನೆಗೆ ಬಂದಳು. ನಾನು ಗೆದ್ದೆ ಅಂದುಕೊಂಡೆ. ನಾಲ್ಕನೇ ದಿನ ಬೆಳಗ್ಗೆ ಸೊಪ್ಪು ಹಿಡಿದು ನಿಂತವಳ ಬಲಗೈ ಅದುರಿತು, ಮುಖ ಒಂದು ಕಡೆ ಎಳೆಯಿತು, ಹಾಗೇ ಬಿದ್ದಳು. ಮಣಿಕಟ್ಟು ಮುರಿಯಿತು. ನಮ್ಮಮ್ಮ ಓಡಿಬಂದು ಕೈಗೆ ಬೀಗದ ಕೈ ಹಿಡಿಸಿದರು. ನಾಲಿಗೆ ಕಚ್ಚಿಕೊಳ್ಳುತ್ತಾಳೆ ಅಂತ ನಾನು ಹಲ್ಲಿನ ಮಧ್ಯೆ ಚಮಚ ತುರುಕಿದೆ. ಮುಂದಿನ ಹಲ್ಲು ಒಂದು ತುಂಡಾಯಿತು. ಆ ಹಲ್ಲು ಫಿಟ್ಸ್‌ನಿಂದ ಹೋದದ್ದಲ್ಲ, ನನ್ನ ಕೈಯಿಂದ ಹೋದದ್ದು.

ಇದನ್ನ ಮಾತ್ರ ಈಗಲೇ ತಿಳಿದುಕೊಳ್ಳಿ. ಫಿಟ್ಸ್ ಬಂದರೆ ಬಾಯಿಗೆ ಏನೂ ಹಾಕಬಾರದು, ನೀರೂ ಬೇಡ. ಕೈಕಾಲು ಒತ್ತಿ ಹಿಡಿಯಬಾರದು. ಕಬ್ಬಿಣ, ಬೀಗದ ಕೈ, ಈರುಳ್ಳಿ ಯಾವುದರಿಂದಲೂ ಉಪಯೋಗ ಇಲ್ಲ. ಸುತ್ತ ಇರುವ ಗಟ್ಟಿ ಸಾಮಾನು ಸರಿಸಿ, ತಲೆ ಕೆಳಗೆ ಮೆತ್ತಗಿರುವುದು ಇಡಿ, ಅದುರುವುದು ನಿಂತ ತಕ್ಷಣ ಒಂದು ಮಗ್ಗುಲಿಗೆ ಹೊರಳಿಸಿ, ಮೊಬೈಲ್‌ನಲ್ಲಿ ಸಮಯ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಆಗದೆ ಮತ್ತೆ ಬಂದರೆ, 108. ಆಪರೇಷನ್ ಆದವರಿಗೆ ಮೊದಲ ಸಲ ಬಂದರೆ ಬೇಗ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು.

ಅವಳದು ನಿಂತಿತು, ಆದರೆ ಬಲಗೈ ಸಂಜೆವರೆಗೂ ಎತ್ತಲು ಆಗಲಿಲ್ಲ. ವಿಜಯಪುರ, ದೇವನಹಳ್ಳಿ ದಾಟಿ ಆಂಬುಲೆನ್ಸ್ ಬೆಂಗಳೂರು ಮುಟ್ಟುವ ತನಕ ಗೆಡ್ಡೆ ಮತ್ತೆ ಬಂತು ಅಂತಲೇ ಅಂದುಕೊಂಡಿದ್ದೆ. ಗೆಡ್ಡೆ ಬಂದಿರಲಿಲ್ಲ. ಡಾಕ್ಟರ್ ಮಾತ್ರೆ ಬಗ್ಗೆ ಕೇಳಿದರು. ಅವಳು "ಒಂದೂ ತಪ್ಪಿಸಿಲ್ಲ ಸಾರ್" ಅಂದಳು. ಆಗ ನಾನು ಬಾಯಿ ಬಿಡಬೇಕಾಯಿತು.

ಅವರು ಬೈಯಲಿಲ್ಲ. ಆಪರೇಷನ್‌ನಲ್ಲಿ ಮೆದುಳನ್ನ ಮುಟ್ಟಿರುತ್ತೇವೆ, ಆ ಜಾಗ ಮಾಯುವಾಗ ಫಿಟ್ಸ್ ಬರಬಹುದು, ಮೊದಲು ಬಂದಿರಲೇಬೇಕು ಅಂತಿಲ್ಲ ಅಂದರು. ಸಿಟ್ಟು, ತೂಗಡಿಕೆ ಈ ಮಾತ್ರೆಯಿಂದ ಕೆಲವರಿಗೆ ಆಗುತ್ತದೆ, ಒಂದು ಫೋನ್ ಮಾಡಿದ್ದರೆ ಡೋಸ್ ಸರಿಮಾಡುತ್ತಿದ್ದೆವು ಇಲ್ಲ ಬೇರೆ ಮಾತ್ರೆಗೆ ನಿಧಾನವಾಗಿ ಬದಲಾಯಿಸುತ್ತಿದ್ದೆವು ಅಂದರು. ನೋಡಿ, ನನ್ನ ಅನುಮಾನ ಸರಿಯಾಗೇ ಇತ್ತು. ಮಾತ್ರೆಯಿಂದಲೇ ಅವಳಿಗೆ ಸಿಟ್ಟು ಬರುತ್ತಿತ್ತು. ಆದರೆ ಅದಕ್ಕೆ ನಾನು ಮಾಡಿದ್ದು ಪೂರ್ತಿ ತಪ್ಪು. ಮೂರು ತಿಂಗಳ ಎಂಆರ್‌ಐ ನೋಡಿ ಆ ಮಾತ್ರೆ ಇಳಿಸುವ ಯೋಚನೆ ಅವರಿಗಿತ್ತಂತೆ. ಫಿಟ್ಸ್ ಬಂದದ್ದರಿಂದ ಎರಡು ವರ್ಷ ನುಂಗಬೇಕಾಯಿತು. ಟಿವಿಎಸ್ ಓಡಿಸುವುದನ್ನ ಬಿಡಿಸಿದರು. ಒಲೆ ಮುಂದೆ ಒಬ್ಬಳೇ ನಿಲ್ಲಲು ಹೆದರುತ್ತಿದ್ದಳು.

ಆ ರಾತ್ರಿ ವಾರ್ಡ್‌ನಲ್ಲಿ ಅವಳು ನನ್ನ ಕಡೆ ತಿರುಗಿ, ಮಾತು ಹುಡುಕಿ ಹುಡುಕಿ ಹೇಳಿದಳು. "ಬಿದ್ದಿದ್ದಕ್ಕೆ ನನಗೆ ಬೇಜಾರಿಲ್ಲ ರೀ. ನನ್ನ ತಲೆ ಅಲ್ವಾ ಇದು? ನನಗೊಂದು ಮಾತು ಹೇಳಬಾರದಿತ್ತಾ? ಗುಳ್ಳೆ ಅಂದ್ರಿ, ನಂಬಿದೆ. ಮಾತ್ರೆ ಅಂದ್ರಿ, ನಂಬಿದೆ." ಗೆಡ್ಡೆ ಅಂತ ಅವಳಿಗೆ ಮೊದಲೇ ಗೊತ್ತಿತ್ತಂತೆ. ಪಕ್ಕದ ಬೆಡ್‌ನವರು ಹೇಳಿದ್ದರಂತೆ. ನಾನು ಹೆದರಿಕೊಳ್ಳುತ್ತೇನೆ ಅಂತ ಅವಳು ಸುಮ್ಮನಿದ್ದಳು.

ಅದಕ್ಕೇ ಹೇಳೋದು, ಧೈರ್ಯದ ಪ್ರಶ್ನೆ ಬಿಡಿ. ಆಪರೇಷನ್‌ಗೆ ಸಹಿ ಹಾಕುವ ಮೊದಲು ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಡಾಕ್ಟರ್ ಹತ್ತಿರ ಮಾತಾಡಿ. ಸ್ಕ್ಯಾನ್ ತೋರಿಸಿ ಅಂತ ಕೇಳಿ. ಪ್ರಶ್ನೆ ಅವರಿಗೆ ಕೇಳಿದರೆ ಉತ್ತರ ಅವರೇ ಕೊಡಲಿ, ಎಷ್ಟು ಹೊತ್ತಾದರೂ ಆಗಲಿ. ನಮ್ಮವಳಿಗೆ ಆಮೇಲೆ ಮಾತು ಹುಡುಕುವುದು ಕಷ್ಟವಾಗಿತ್ತು, ಸೊಪ್ಪು ಅನ್ನೋಕೆ ಹೋಗಿ ಸೀರೆ ಅನ್ನುತ್ತಿದ್ದಳು. ನಾನು ಅವಸರದಲ್ಲಿ ಅವಳ ಮಾತನ್ನ ನಾನೇ ಮುಗಿಸುತ್ತಿದ್ದೆ. ಕಾಯಿರಿ ಅಂತ ಸ್ಪೀಚ್ ಥೆರಪಿಯವರು ಹೇಳಿಕೊಟ್ಟರು. ಕಾದರೆ ಬರುತ್ತಿತ್ತು.

ಮನೆಗೆ ಕಳಿಸುವ ದಿನ ಒಂದೊಂದು ಮಾತ್ರೆ ಕೈಯಲ್ಲಿ ಹಿಡಿದು ಇದು ಯಾಕೆ, ಯಾವಾಗ ನಿಲ್ಲಿಸೋದು, ಯಾರು ಹೇಳಿದ ಮೇಲೆ ನಿಲ್ಲಿಸೋದು ಅಂತ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ. ಗಾಯದಿಂದ ಅಥವಾ ಮೂಗಿನಿಂದ ತಿಳಿನೀರು ಸುರಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ವಾಂತಿ ಜಾಸ್ತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಒಂದು ಕಾಲಿನ ಮೀನಖಂಡ ಊದಿ ನೋವಾದರೆ ಬೆಳಗಾಗಲಿ ಅಂತ ಕಾಯಬೇಡಿ. ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತೆ, ಈ ವಾರವೇ ವಿಚಾರಿಸಿ.

ಒಬ್ಬರೇ ಮಾಡಬೇಡಿ. ಯಾರಾದರೂ ಬರ್ತೀನಿ ಅಂದರೆ ಬನ್ನಿ ಅನ್ನಿ. ಫಿಟ್ಸ್ ಆದ ಮೇಲೆ ಅವಳ ತಂಗಿ ಬಂದು ಒಂದು ತಿಂಗಳು ಇದ್ದಳು. ಆ ತಿಂಗಳು ನಾನು ರಾತ್ರಿ ಆರು ಗಂಟೆ ಮಲಗಿದೆ, ತಲೆ ನೆಟ್ಟಗೆ ಓಡಿತು.

ಎಷ್ಟು ದಿನಕ್ಕೆ ಮೊದಲಿನ ಹಾಗೆ ಅಂತ ದಿನ ಎಣಿಸಬೇಡಿ. ಗಾಯ ಬೇಗ ಮಾಯುತ್ತದೆ, ಸುಸ್ತು ತಿಂಗಳುಗಟ್ಟಲೆ ಇರುತ್ತದೆ. ನಮ್ಮವಳಿಗೆ ಈಗಲೂ ಸಂತೆಯ ಗದ್ದಲ ಆಗಲ್ಲ, ಮಧ್ಯಾಹ್ನ ಒಂದು ಗಂಟೆ ಮಲಗಲೇಬೇಕು. ಆದರೆ ಹೋದ ಬೆಳೆಗೆ ಹಣ್ಣಾದ ಹುಳು ಆರಿಸಿ ಚಂದ್ರಂಕಿಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಬಿಟ್ಟಿದ್ದೆಲ್ಲ ಅವಳೇ. ಮಾತ್ರೆ ಪುಸ್ತಕವೂ ಅವಳ ಹತ್ತಿರವೇ ಇದೆ, ವರ್ಷಕ್ಕೊಂದು ಎಂಆರ್‌ಐ ತಾರೀಕು ಅದರಲ್ಲಿ ಅವಳೇ ಬರೆದಿಟ್ಟುಕೊಳ್ಳುತ್ತಾಳೆ.

ನಿಮ್ಮ ಮನೆಯವರಿಗೆ ಇವತ್ತು ರಾತ್ರಿಯೇ ಹೇಳಿ. ಆಪರೇಷನ್ ತಾರೀಕು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಏನು ಕೇಳಬೇಕಿದ್ದರೂ ಕೇಳಿ, ರಾತ್ರಿ ಒಂಬತ್ತರ ಮೇಲೆ ನೋಡ್ತೀನಿ, ಅಷ್ಟೊತ್ತಿಗೆ ಸೊಪ್ಪು ಹಾಕಿ ಮುಗಿದಿರುತ್ತೆ. ನಿಮ್ಮ ಮನೆಯವರು ಮಾತಾಡಬೇಕು ಅಂದರೆ ನಮ್ಮವಳೂ ಮಾತಾಡ್ತೀನಿ ಅಂದಿದ್ದಾಳೆ.