ಹಾಯ್ಕು ಸಪ್ಪೆಯಾಗುವುದು ಮೂರನೇ ಸಾಲಿನಲ್ಲಿ

ದಿನಾ ಕಾಣುವ ಗಿಡಮರ, ಮಳೆ, ಹಕ್ಕಿಗಳ ಮೇಲೆ ಹಾಯ್ಕು (ಜಪಾನಿ ಮೂಲದ ಮೂರು ಸಾಲಿನ ಕಿರುಗವನ) ಬರೆದರೂ ಎಲ್ಲ ಸಪ್ಪೆಯಾಗುತ್ತವೆ, ಯಾಕೆ ಅಂತ ಕೇಳಿದ್ದೀರಿ. ಬಹುತೇಕ ಸಲ ತಪ್ಪು ಮೂರನೇ ಸಾಲಿನದು. ಎರಡು ಸಾಲಿನಲ್ಲಿ ಕಂಡದ್ದನ್ನು ಹೇಳಿ, ಮೂರನೆಯದರಲ್ಲಿ ಅದರ ಅರ್ಥ ಬಿಡಿಸಿಬಿಡುತ್ತೇವೆ. ಹನಿಗವನ ಓದಿ ಬೆಳೆದವರಿಗಂತೂ ಕೊನೆಗೊಂದು ಪಂಚ್ ಕೊಡದಿದ್ದರೆ ಸಮಾಧಾನವೇ ಇಲ್ಲ.

ಯುಗಾದಿ ಕಳೆದ ಮೇಲೆ ಹೊಂಗೆ ಹೂ ರಸ್ತೆ ತುಂಬ ಉದುರುತ್ತದಲ್ಲ, ಅದನ್ನು ನೋಡಿ ಸಾಮಾನ್ಯವಾಗಿ ಬರೆಯುವುದು ಹೀಗೆ:

ಸುಂದರ ಮುಂಜಾವಿನಲಿ
ಉದುರಿವೆ ಹೊಂಗೆ ಹೂಗಳು
ಪ್ರಕೃತಿಯ ರಂಗೋಲಿಯಂತೆ

ಇದರಲ್ಲಿ ಕಣ್ಣಾರೆ ಕಂಡದ್ದು ನಡುವಿನ ಸಾಲು ಮಾತ್ರ. 'ಸುಂದರ' ನಿಮ್ಮ ತೀರ್ಪು. ರಂಗೋಲಿಯ ಹೋಲಿಕೆ ನೀವು ನೋಡುವ ಮೊದಲೇ ಸಿದ್ಧವಿತ್ತು. ಎರಡನ್ನೂ ಹೊಡೆದುಹಾಕಿ, ಅದೇ ರಸ್ತೆಯನ್ನು ಇನ್ನೈದು ನಿಮಿಷ ನೋಡಿ. ಏನು ಅಲುಗಿತು? ಹೂ ಎಲ್ಲಿ ಬಿದ್ದಿಲ್ಲ? ರಾತ್ರಿಯಿಡೀ ನಿಂತಿದ್ದ ಕಾರು ಹೊರಟರೆ ಅದರಡಿ ಒಂದು ಹೂವೂ ಇರುವುದಿಲ್ಲ.

ಕಾರು ಹೋಯಿತು –
ಹೊಂಗೆ ಹೂ ಹಾಸಿನಲ್ಲಿ
ಬರಿಯ ನೆಲ

ಆ ಅಡ್ಡಗೆರೆ ಅಲಂಕಾರಕ್ಕಲ್ಲ. ಜಪಾನಿಯಲ್ಲಿ 'ಯಾ' ತರಹದ ಕಿರೇಜಿಗಳು, ಅಂದರೆ ಕವಿತೆಯನ್ನು ಕತ್ತರಿಸುವ ಪದಗಳು, ಮಾಡುವ ಕೆಲಸವನ್ನು ಇಲ್ಲಿ ಗೆರೆಯೋ ಸಾಲಿನ ಮುರಿತವೋ ಮಾಡಬೇಕು: ಎರಡು ಚಿತ್ರಗಳನ್ನು ಬೇರೆ ಮಾಡಿ ಪಕ್ಕಪಕ್ಕ ಇಡುವುದು. 'ಆದ್ದರಿಂದ', 'ಹಾಗೆ', 'ಅಂತೆ' ಬಂದರೆ ಆ ಸಂದು ಮುಚ್ಚಿಹೋಗುತ್ತದೆ. ಆಶ್ಚರ್ಯಸೂಚಕ ಚಿಹ್ನೆಯಂತೂ ಬೇಡವೇ ಬೇಡ.

ಇನ್ನು 5-7-5, ಅಂದರೆ ಮೂರು ಸಾಲಿಗೆ ಕ್ರಮವಾಗಿ ಐದು, ಏಳು, ಐದು ಎಂಬ ಎಣಿಕೆ. ಜಪಾನಿಯರು ಎಣಿಸುವ ಘಟಕ ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ. ಅಲ್ಲಿ ದೀರ್ಘಕ್ಕೆ ಎರಡು ಲೆಕ್ಕ. 'ಕಾರು ಹೋಯಿತು' ಅಕ್ಷರದಲ್ಲಿ ಐದು, ಮಾತ್ರೆಯಲ್ಲಿ ಏಳು. ಹಾಗಾಗಿ ಕನ್ನಡದಲ್ಲಿ 17 ಅಕ್ಷರ ತುಂಬಿಸಲು ಹೆಣಗಬೇಡಿ, 12-13ಕ್ಕೆ ಮುಗಿದರೂ ಸರಿ. ಜಾಗ ತಿನ್ನುವುದು ನಮ್ಮ ಕ್ರಿಯಾಪದದ ಬಾಲ: 'ಕುಳಿತುಕೊಂಡಿರುತ್ತದೆ' ಎಂಟು ಅಕ್ಷರ, 'ಕೂತಿದೆ' ಮೂರು. ಮೊದಲು ಕತ್ತರಿ ಹಾಕಬೇಕಾದ್ದು ಅಲ್ಲಿ.

ಹಾಯ್ಕುವಿಗೆ ಋತು ಸೂಚಿಸುವ ಒಂದು ಪದ ಬೇಕೆನ್ನುವುದು ಹಳೆಯ ಪದ್ಧತಿ. ಅದಕ್ಕೆ ಚೆರ್ರಿ ಹೂ, ಹಿಮ ಎರವಲು ತರುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರವಿದೆ. 'ಆರಿದ್ರಾ ಮಳೆ' ಅಂದರೆ ಸಾಕು, ಜೂನ್ ಕೊನೆ, ಜುಲೈ ಮೊದಲು ಅಂತ ಓದುಗನಿಗೆ ತಿಳಿಯುತ್ತದೆ. ಆದರೆ ಒಂದು ಕವಿತೆಗೆ ಒಂದೇ ಕಾಲ. ಹೊಂಗೆ ಹೂ ಮತ್ತು ಆರಿದ್ರಾ ಮಳೆ ಒಟ್ಟಿಗೆ ಬಂದರೆ ಮನೆಯೊಳಗೆ ಕೂತು ಬರೆದದ್ದೆಂದು ಗೊತ್ತಾಗಿಬಿಡುತ್ತದೆ. ಅಷ್ಟರಲ್ಲಿ ಆ ಹೂವಿನ ಸುಗ್ಗಿ ಮುಗಿದಿರುತ್ತದೆ.

ಕಂಡದ್ದನ್ನು ಅಲ್ಲೇ ಫೋನಿನಲ್ಲಿ ಗದ್ಯವಾಗಿ ಗೀಚಿಕೊಳ್ಳಿ: ಹೊತ್ತು, ಜಾಗ, ಯಾವುದು ಏನು ಮಾಡಿತು. ವಿಶೇಷಣ ಬೇಡ. ಸಾಲು ಮುರಿಯುವ ಕೆಲಸ ನಾಲ್ಕು ದಿನ ಬಿಟ್ಟು. ಆಗ ಮೂರನೇ ಸಾಲನ್ನು ಬೆರಳಿನಿಂದ ಮುಚ್ಚಿ ಓದಿ. ಅದಿಲ್ಲದೆಯೂ ಪೂರ್ತಿ ಅರ್ಥವಾದರೆ ಆ ಸಾಲು ವಿವರಣೆ, ತೆಗೆದು ಇನ್ನೊಂದು ವಸ್ತು ಇಡಿ.