ಓದುಗರ ಪ್ರಶ್ನೆಗಳಿಗೆ ಉತ್ತರ: ಬೇಡಿದ್ದು ಸಿಗದಿದ್ದಾಗ ನಿರೀಕ್ಷೆ ಎಲ್ಲಿದೆ?

ಪ್ರಶ್ನೆ: ನನ್ನ ಪತಿ ಬಹುಕಾಲ ಕಾಯಿಲೆಯಿಂದ ನರಳಿ ಕಳೆದ ವರ್ಷ ತೀರಿಕೊಂಡರು. ಆ ದಿನಗಳಲ್ಲಿ ನಾನು ಉಪವಾಸವಿದ್ದು ಪ್ರಾರ್ಥಿಸಿದೆ; ಸಭೆಯವರೂ ಬಂದು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ದೇವರು ನಮಗಾಗಿ ಹಿತವನ್ನೇ ಯೋಚಿಸಿದ್ದಾನೆ ಎಂಬ ಯೆರೆಮೀಯನ ವಾಕ್ಯವನ್ನು ಎಲ್ಲರೂ ನನಗೆ ನೆನಪಿಸುತ್ತಿದ್ದರು. ಅಂತ್ಯಕ್ರಿಯೆಯಾದ ಮೇಲೆ ಒಬ್ಬರು, 'ನಿಮ್ಮ ನಂಬಿಕೆಯಲ್ಲೇ ಏನೋ ಕೊರತೆಯಿತ್ತು' ಎಂದುಬಿಟ್ಟರು. ಈಗ ಸತ್ಯವೇದವನ್ನು (ಬೈಬಲನ್ನು) ತೆರೆದರೆ ಮನಸ್ಸು ನಿಲ್ಲುವುದಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಹೊರಡುವುದಿಲ್ಲ. ನನ್ನಂಥವಳಿಗೆ ಇನ್ನೂ ನಿರೀಕ್ಷೆ ಉಳಿದಿದೆಯೇ?

ಉತ್ತರ: ಸಹೋದರಿ, ನಂಬಿಕೆಯ ಕೊರತೆ ಎಂಬ ಆ ಮಾತನ್ನು ಮೊದಲು ಮನಸ್ಸಿನಿಂದ ಇಳಿಸಿಬಿಡಿ. ಗೆತ್ಸೆಮನೆ ತೋಟದಲ್ಲಿ ಯೇಸು, ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ತನ್ನಿಂದ ತೊಲಗಲಿ ಎಂದು ನೆಲಕ್ಕೆ ಬಿದ್ದು ತಂದೆಯನ್ನು ಬೇಡಿಕೊಂಡನು; ಪಾತ್ರೆ ತೊಲಗಲಿಲ್ಲ. ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಅಪೊಸ್ತಲನಾದ ಪೌಲನು ಮೂರು ಸಾರಿ ಕೇಳಿಕೊಂಡನು. ಮುಳ್ಳು ಹಾಗೆಯೇ ಉಳಿದು, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂದಿತು. ಇವರಿಬ್ಬರ ನಂಬಿಕೆಯನ್ನು ಅಳೆಯಲು ಯಾರೂ ಮುಂದಾಗುವುದಿಲ್ಲ. ಹಾಗಿರುವಾಗ ದುಃಖದಲ್ಲಿರುವ ಒಬ್ಬ ಹೆಂಗಸಿನ ನಂಬಿಕೆಯನ್ನು ಅಳೆಯುವ ಅಧಿಕಾರವನ್ನು ಆ ವ್ಯಕ್ತಿಗೆ ಯಾರು ಕೊಟ್ಟರು? ಬೇಥಾನ್ಯದಲ್ಲಿ ಲಾಜರನು ಸತ್ತಾಗ ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು ಯೇಸುವಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮನು ಸಾಯುತ್ತಿರಲಿಲ್ಲ. ಅದು ದೂರೇ ಸರಿ. ಆತನು ಇಬ್ಬರನ್ನೂ ಗದರಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುವವನಾಗಿದ್ದರೂ, ಅವರ ಅಳುವನ್ನು ಕಂಡು ತಾನೂ ಕಣ್ಣೀರಿಟ್ಟನು.

ಈಗ ನಿಮಗೆ ಎಲ್ಲರೂ ಹೇಳಿದ ಆ ವಾಕ್ಯಕ್ಕೆ ಬರೋಣ. ಅದನ್ನು ಕಿತ್ತು ತೆಗೆದು ಒಂಟಿಯಾಗಿ ಹೇಳುವುದರಿಂದಲೇ ಎಷ್ಟೋ ಮಂದಿ ವಿಶ್ವಾಸಿಗಳಿಗೆ ನೋವಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನ; ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯೊಯ್ಯಲ್ಪಟ್ಟ ಜನರಿಗೆ ಪ್ರವಾದಿಯು ಬರೆದು ಕಳುಹಿಸಿದ ಪತ್ರದ ಒಂದು ಸಾಲು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷಗಳಲ್ಲಿ ಬಾಬೆಲಿನ ನೊಗ ಮುರಿಯುತ್ತದೆ, ಸೆರೆಹೋದವರೆಲ್ಲ ಹಿಂದಿರುಗುತ್ತಾರೆ ಎಂದು ಸಾರುತ್ತಾನೆ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯನ ಕುತ್ತಿಗೆಯಲ್ಲಿದ್ದ ಮರದ ನೊಗವನ್ನು ತೆಗೆದು ಮುರಿದೇಬಿಡುತ್ತಾನೆ. ಯೆರೆಮೀಯನಿಗೂ ಅದು ನಿಜವಾಗಲಿ ಎಂಬ ಆಸೆಯಿತ್ತು. 'ಆಮೆನ್, ಯೆಹೋವನು ಹಾಗೆಯೇ ಮಾಡಲಿ' ಎಂದವನು ಅವನೇ. ಆದರೆ ಹನನ್ಯನ ಮಾತು ದೇವರಿಂದ ಬಂದದ್ದಾಗಿರಲಿಲ್ಲ. ಯೆರೆಮೀಯನು ಬರೆದ ಪತ್ರದಲ್ಲಿ ನಿಮಗೆ ಹೇಳಿದ ವಾಕ್ಯಕ್ಕಿಂತ ಒಂದು ವಚನ ಮೊದಲು 70 ವರ್ಷಗಳ ಅವಧಿಯಿದೆ. ಅಂದರೆ ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ತಮ್ಮ ಊರನ್ನು ಮತ್ತೆ ಕಾಣುವಂತಿರಲಿಲ್ಲ. ಅಂಥವರಿಗೇ ಪ್ರವಾದಿಯು, ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿ ಅದರ ಫಲವನ್ನು ತಿನ್ನಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬರೆಯುತ್ತಾನೆ.

ಕಷ್ಟವು ಇಷ್ಟರಲ್ಲೇ ಮುಗಿಯುತ್ತದೆ ಎಂಬ ಭರವಸೆ ಹನನ್ಯನದು. ಕಷ್ಟದ ಊರಿನಲ್ಲೇ ದೇವರು ನಮ್ಮ ಕೈಬಿಡದೆ ಇರುತ್ತಾನೆ ಎಂಬುದು ಯೆರೆಮೀಯನ ನಿರೀಕ್ಷೆ. ನಿಮ್ಮ ಸುತ್ತಲಿನವರು ಪ್ರೀತಿಯಿಂದಲೇ ಯೆರೆಮೀಯನ ಮಾತನ್ನು ಹನನ್ಯನ ಅರ್ಥದಲ್ಲಿ ನಿಮ್ಮ ಕೈಗಿಟ್ಟರು. ಆದ್ದರಿಂದ ನಿಮ್ಮೊಳಗೆ ಕುಸಿದು ಬಿದ್ದಿರುವುದು ಹನನ್ಯನ ಭರವಸೆ. ಅದು ಬಿದ್ದಿತೆಂದು ಕ್ರಿಸ್ತನೂ ಹೊರಟುಹೋದನೆಂದು ತಿಳಿಯಬೇಡಿ.

ಕ್ರೈಸ್ತ ನಿರೀಕ್ಷೆ ಸತ್ತು ಎದ್ದು ಬಂದ ಕ್ರಿಸ್ತನ ಮೇಲೆ ನಿಂತಿದೆ. ಕ್ರಿಸ್ತನು ಎದ್ದು ಬಾರದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥವೆಂದು ಪೌಲನು ಕೊರಿಂಥದವರಿಗೆ ನೇರವಾಗಿ ಬರೆಯುತ್ತಾನೆ. ಎದ್ದು ಬಂದ ಆ ಶರೀರದಲ್ಲಿಯೂ ಮೊಳೆಯ ಗಾಯಗಳು ಉಳಿದಿದ್ದವು, ಸಂದೇಹಪಟ್ಟ ಶಿಷ್ಯನಾದ ತೋಮನಿಗೆ ಆತನು ತೋರಿಸಿದ್ದು ಅವನ್ನೇ ಎಂಬುದು ನನಗೆ ಮತ್ತೆ ಮತ್ತೆ ಧೈರ್ಯ ಕೊಡುವ ಸಂಗತಿ. ಪತಿಯನ್ನು ಕಳೆದುಕೊಂಡ ನೋವು ಪೂರ್ತಿ ಮಾಯವಾದರೆ ಮಾತ್ರ ನಿರೀಕ್ಷೆ ಬಂದಂತೆ ಎಂದು ಯಾರೂ ನಿಮ್ಮಿಂದ ಕೇಳಬಾರದು. ಥೆಸಲೋನಿಕದವರಿಗೆ ಬರೆಯುವಾಗಲೂ ಪೌಲನು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದನೇ ಹೊರತು, ಅಳಲೇಬೇಡಿ ಎನ್ನಲಿಲ್ಲ.

ಪ್ರಾರ್ಥನೆಗೆ ಮಾತು ಬಾರದಿದ್ದರೆ ಸದ್ಯಕ್ಕೆ ಬೇರೆಯವರ ಮಾತುಗಳನ್ನು ಎರವಲು ಪಡೆಯಿರಿ. 13ನೇ ಕೀರ್ತನೆ 'ಎಷ್ಟರವರೆಗೆ' ಎಂಬ ಕೇಳ್ವಿಯಿಂದಲೇ ಆರಂಭವಾಗುತ್ತದೆ. 88ನೇ ಕೀರ್ತನೆಯಂತೂ ಸಮಾಧಾನದ ಸಾಲಿಗೆ ತಲುಪದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಹಾಗಿದ್ದರೂ ಅದು ಪ್ರಾರ್ಥನೆಯೇ. ಅದನ್ನೂ ಓದಲಾಗದ ದಿನ ಸುಮ್ಮನೆ ಕುಳಿತಿರಿ. ಹೇಗೆ ಪ್ರಾರ್ಥಿಸಬೇಕೋ ತಿಳಿಯದ ನಮಗಾಗಿ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಹೇಳುತ್ತದೆ. ಮದರ್ ತೆರೇಸಾ ಅವರು 1997ರಲ್ಲಿ ತೀರಿಕೊಂಡು ಹತ್ತು ವರ್ಷಗಳ ನಂತರ ಪ್ರಕಟವಾದ ಅವರ ಪತ್ರಗಳಿಂದ, ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಾರದ ಕತ್ತಲೆಯಲ್ಲಿ ಅವರು ದಶಕಗಳ ಕಾಲ ಬದುಕಿದ್ದರೆಂದು ಲೋಕಕ್ಕೆ ತಿಳಿಯಿತು. ಸಾಯುತ್ತಿದ್ದವರ ಆರೈಕೆಯನ್ನು ಅವರು ಆ ಕತ್ತಲೆಯಲ್ಲಿಯೂ ನಿಲ್ಲಿಸಲಿಲ್ಲ. ನಿಮ್ಮ ಸಭೆಯಲ್ಲಿ ಉಪದೇಶ ಮಾಡದೆ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲ ಒಬ್ಬ ಹಿರಿಯ ವಿಧವೆ ಇದ್ದರೆ, ಅವರ ಮನೆಗೆ ಹೋಗಿಬನ್ನಿ.

ಪ್ರಶ್ನೆ: ನನಗೆ ಖಿನ್ನತೆಯಿದೆ ಎಂದು ಹೇಳಿ ವೈದ್ಯರು ಮಾತ್ರೆಗಳನ್ನು ಬರೆದುಕೊಟ್ಟಿದ್ದಾರೆ. ಮಾತ್ರೆ ತೆಗೆದುಕೊಂಡರೆ ದೇವರ ಮೇಲೆ ಅವಿಶ್ವಾಸ ತೋರಿಸಿದಂತಾಗುವುದೇ?

ಉತ್ತರ: ಖಂಡಿತ ಇಲ್ಲ, ತಪ್ಪದೆ ತೆಗೆದುಕೊಳ್ಳಿ, ವೈದ್ಯರನ್ನು ಕೇಳದೆ ನಿಲ್ಲಿಸಲೂ ಬೇಡಿ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿಯಾದ ಎಲೀಯನು ಅಡವಿಯ ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡುತ್ತಾನೆ. ದೂತನು ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಅವನು ಮತ್ತೆ ಮಲಗಲು ಬಿಟ್ಟನು, ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದನು. ದೇವರ ಮೆಲುದನಿಯು ಕೇಳಿಸಿದ್ದು ಇದೆಲ್ಲ ಆದ ಮೇಲೆ. ಅನಂತರ ಎಲೀಷನೆಂಬ ಜೊತೆಗಾರನೂ ದೊರೆತನು. ಹೊಸ ಒಡಂಬಡಿಕೆಯಲ್ಲಿ ಪೌಲನು ಲೂಕನನ್ನು ಪ್ರಿಯ ವೈದ್ಯನೆಂದು ಕರೆಯುತ್ತಾನೆ. ಎಲೀಯನಂತೆ ಸಾವಿನ ಯೋಚನೆ ನಿಮಗೂ ಬರುತ್ತಿದ್ದರೆ, ಇಂದೇ ನಿಮ್ಮ ವೈದ್ಯರಿಗೂ ಮನೆಯವರಲ್ಲಿ ಒಬ್ಬರಿಗೂ ಮುಚ್ಚಿಡದೆ ಹೇಳಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಈ ನಿರೀಕ್ಷೆಯ ವಿಷಯವನ್ನು ತಿಳಿಯಲು ಸತ್ಯವೇದವನ್ನು ಎಲ್ಲಿಂದ ಓದಬೇಕು?

ಉತ್ತರ: ಮಾರ್ಕನ ಸುವಾರ್ತೆಯಿಂದ ಆರಂಭಿಸಿ, 16 ಅಧ್ಯಾಯಗಳಷ್ಟೇ ಇರುವುದರಿಂದ ನಿಧಾನವಾಗಿ ಓದಿದರೂ ಬೇಗ ಮುಗಿಯುತ್ತದೆ. ಬಳಿಕ ಲೂಕನ 24ನೇ ಅಧ್ಯಾಯವನ್ನು ಓದಿ. ಅಲ್ಲಿ ಎಮ್ಮಾಹುವಿಗೆ ನಡೆದು ಹೋಗುತ್ತಿದ್ದ ಇಬ್ಬರು ಶಿಷ್ಯರು, ಇಸ್ರಾಯೇಲನ್ನು ಬಿಡಿಸುವವನು ಆತನೇ (ಶಿಲುಬೆಯಲ್ಲಿ ಸತ್ತ ಯೇಸುವೇ) ಎಂದು ನಾವು ನಿರೀಕ್ಷಿಸಿಕೊಂಡಿದ್ದೆವು ಎಂದು ಬಾಡಿದ ಮುಖದಿಂದ ಹೇಳಿಕೊಂಡದ್ದು ಯೇಸುವಿನ ಮುಂದೆಯೇ. ತಮ್ಮ ಜೊತೆಯಲ್ಲಿ ನಡೆಯುತ್ತಿರುವವನು ಯಾರೆಂದು ಅವರಿಗೆ ಆಗ ಗೊತ್ತಿರಲಿಲ್ಲ. ಓದುವಾಗ ಏಳುವ ಸಂದೇಹಗಳನ್ನು ಸಂಕೋಚಪಡದೆ ನಮಗೆ ಬರೆಯಿರಿ.